ಹಿಂದಿರುಗುವ ಧೈರ್ಯ

ನಮ್ಮೂರು ಕದರಮಂಡಲಗಿಯ ಕಾಂತೇಶ ಕಡಲು ಹಾರಿದ ಹನುಮ. ಸೀತೆಯನ್ನು ಹೊತ್ತು ತರುವ ಬಲವಿದ್ದರೂ ಆಕೆಯ ಸುದ್ದಿಯಷ್ಟನ್ನೇ ತಂದ. ಅದನ್ನು ಯಾರೂ ಹೇಡಿತನ ಎನ್ನುವುದಿಲ್ಲ.

12ನೇ ವಯಸ್ಸಿಗೇ ಬ್ರಿಟಿಷ್ ನೌಕಾಪಡೆ ಸೇರಿ ಮಹಾದಂಡನಾಯಕನಾದ ಜಾನ್ ಜೆಲಿಕೋಗೆ ಆ ಭಾಗ್ಯವಿರಲಿಲ್ಲ. 1916ರ ಮೇ 31ರ ಜಟ್ಲೆಂಡ್ ಕದನದಲ್ಲಿ ಬ್ರಿಟನ್ 14 ಹಡಗುಗಳನ್ನೂ 6,000ಕ್ಕೂ ಹೆಚ್ಚು ಜನರನ್ನೂ ಕಳೆದುಕೊಂಡಿತು. ಜರ್ಮನ್ ಟಾರ್ಪೆಡೋಗಳು ನುಗ್ಗಿದಾಗ ಆತ ಹಡಗುಗಳನ್ನು ಹಿಂದಕ್ಕೆ ತಿರುಗಿಸಿದ. ಶತ್ರು ತಪ್ಪಿಸಿಕೊಂಡ. ಆತ ಮಾಡಿದ್ದು ಸರಿಯೇ ಎಂಬ ಜಗಳ ದಶಕಗಳವರೆಗೆ ನಡೆಯಿತು. ಆದರೆ ನೌಕಾಪಡೆ ಉಳಿಯಿತು; ಜರ್ಮನಿಯ ಮೇಲಿನ ದಿಗ್ಬಂಧನವೂ ಮುಂದುವರಿಯಿತು.

ಆ ದಿಗ್ಬಂಧನದಲ್ಲಿ ಜರ್ಮನಿಯ ಮಕ್ಕಳು ಹಸಿದರು. ಹಾಗಾದರೆ ಸಂಯಮ ಪುಣ್ಯವೇ? ಹಿಂದಿರುಗಲೂ ಧೈರ್ಯ ಬೇಕು, ನಿಜ. ಆದರೆ ಅದರಿಂದ ಉಳಿದವರು ಯಾರು, ಬೆಲೆ ತೆತ್ತವರು ಯಾರು ಎಂದು ಕೇಳದೆ ಅದನ್ನು ಸದ್ಗುಣವೆಂದು ನಾನು ಒಪ್ಪಲಾರೆ.