ಕಾಲಿಡುವಷ್ಟು ಹಸಿರು

2023ರ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಊರಲ್ಲೂ ಮನೆ ಮುಂದೆ ಹುಲ್ಲುಹಾಸು ಬೇಕೆನ್ನುವವರಿದ್ದಾರೆ. ಅವರು ನೆಚ್ಚಿಕೊಂಡಿರುವ ಬರ್ಮುಡಾ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯೇ. ಹೊಲದ ಬದುವಿನಲ್ಲಿ ಎಷ್ಟು ಕಿತ್ತರೂ ಮತ್ತೆ ಏಳುವ ಅದರ ಹಠ ಮರುಭೂಮಿಯಲ್ಲಿ ಉಪಕಾರಕ್ಕೆ ಬಂದಿದೆ. ನೀರು ತಪ್ಪಿದರೆ ಒಣಗಿ ಬಿದ್ದಿರುತ್ತದೆ, ಸಿಕ್ಕಿದೊಡನೆ ಗೆಣ್ಣಿನಿಂದ ಚಿಗುರುತ್ತದೆ. ನೆರಳು ಮಾತ್ರ ಆಗದು. ಮರದಡಿ ಹಾಕಿದರೆ ದುಡ್ಡು ದಂಡ.

ಈ ಹುಲ್ಲಿನ ಟಿಫ್‌ವೇ 419ರಂಥ ಮಿಶ್ರತಳಿಗಳಿಗೆ ಮೊಳೆಯುವ ಬೀಜವಿಲ್ಲ. ಬೇರು, ಮಣ್ಣುಸಹಿತ ಎಬ್ಬಿಸಿದ ಹಾಸನ್ನೇ ತಂದು ಹಾಕಬೇಕು. ಅದಕ್ಕೂ ಮೊದಲು ನೆಲ ನೋಡಬೇಕು. ಅಲ್ಲಿ ಅನೇಕ ಕಡೆ ಮೇಲ್ಮಣ್ಣಿನ ಕೆಳಗೆ ಸುಣ್ಣ ಕಟ್ಟಿ ಕಲ್ಲಾದ ಪದರವಿದೆ, ಕಲೀಚಿ ಎನ್ನುತ್ತಾರೆ. ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಹಾರೆ ಹಿಡಿದು ಪದರ ಒಡೆಯದೆ ಗತಿಯಿಲ್ಲ. ಹಾಸನ್ನು ತಂದ ದಿನವೇ ಹಾಕಿ ಮುಗಿಸಬೇಕು, ಒಟ್ಟಿಟ್ಟರೆ ಒಳಗೇ ಕಾವು ಏರಿ ಬೇರು ಬೇಯುತ್ತದೆ. ಇಟ್ಟಿಗೆ ಗೋಡೆಯ ಹಾಗೆ ಸಂದು ತಪ್ಪಿಸಿ, ಅಂಚಿಗೆ ಅಂಚು ಒತ್ತಿ ಹಾಕಿ, ಕೂಡಲೇ ನೀರು ಹಾಯಿಸಬೇಕು. ಎರಡು ವಾರ ಕಳೆದ ಮೇಲೆ ಒಂದು ಮೂಲೆ ಹಿಡಿದು ಮೆಲ್ಲಗೆ ಎತ್ತಿ ನೋಡಿ. ಎದ್ದು ಬರದಿದ್ದರೆ ಬೇರು ಹಿಡಿದಿದೆ ಎಂದರ್ಥ. ಅಲ್ಲಿಂದಾಚೆ ದಿನವೂ ಚಿಮುಕಿಸುವುದು ಬಿಟ್ಟು, ದಿನ ಬಿಟ್ಟು ದಿನ ಆಳಕ್ಕೆ ಇಂಗುವಷ್ಟು ಕೊಡಬೇಕು.

ಇಷ್ಟು ಪಾಡುಪಟ್ಟು ಬೆಳೆಸಿದ ಹುಲ್ಲಿನ ಮೇಲೆ ಓಡಾಡುವವರು ಯಾರು? ನೆರೆಯ ನೆವಾಡಾ ರಾಜ್ಯ 2021ರಲ್ಲಿ ಈ ಪ್ರಶ್ನೆಯನ್ನೇ ಕಾನೂನಾಗಿಸಿತು. ಲಾಸ್ ವೇಗಸ್ ಸೀಮೆಯಲ್ಲಿ ರಸ್ತೆಯ ನಡುಪಟ್ಟಿ, ಕಚೇರಿಗಳ ಮುಂಭಾಗದಂಥ ಕಡೆ ಬರೀ ಅಂದಕ್ಕೆಂದು ಬೆಳೆಸಿದ ಹುಲ್ಲಿಗೆ 2027ರಿಂದ ಕೊಲರಾಡೊ ನದಿಯ ನೀರಿಲ್ಲ. ಒಂದು ಚದರ ಅಡಿ ಹುಲ್ಲು ತೆಗೆದು ಮರುಭೂಮಿಯ ಗಿಡ ನೆಟ್ಟರೆ ವರ್ಷಕ್ಕೆ ಸುಮಾರು 200 ಲೀಟರ್ ನೀರು ಉಳಿಯುತ್ತದೆ ಎಂಬುದು ಅಲ್ಲಿನ ಜಲ ಪ್ರಾಧಿಕಾರದ ಲೆಕ್ಕ.

ಒಂಟಿ ಮನೆಗಳ ಅಂಗಳ ಈ ಕಾನೂನಿಗೆ ಹೊರಗು. ಅಲ್ಲಿ ತೀರ್ಮಾನ ಮನೆಯವರದೇ. ಮಕ್ಕಳು ಬರಿಗಾಲಲ್ಲಿ ಆಡುವಷ್ಟು ಜಾಗಕ್ಕೆ ಗರಿಕೆ ಸಾಕು. ಉಳಿದದ್ದಕ್ಕೆ ಜಲ್ಲಿ ಹರಡಿ, ಆ ನೆಲದ್ದೇ ಆದ ಮೆಸ್ಕೀಟ್, ಪಾಲೋ ವರ್ಡೆ ಮರ ನೆಡಲಿ. ಚಳಿಗಾಲದಲ್ಲಿ ಗರಿಕೆ ಕಂದಾಯಿತೆಂದು ಅದರ ಮೇಲೆ ರೈ ಹುಲ್ಲಿನ ಬೀಜ ಎರಚಿ ಮತ್ತೆ ನೀರು ಸುರಿಯುವ ರೂಢಿ ಅಲ್ಲುಂಟು. ನದಿ ಬತ್ತುತ್ತಿರುವಾಗ ಅದನ್ನಂತೂ ಬಿಡಲೇಬೇಕು. ಕೆಲವು ತಿಂಗಳು ಅಂಗಳ ಕಂದಾಗಿದ್ದರೆ ಇರಲಿ.