ಹೂವಿಲ್ಲದ ದಿನಗಳ ಮರ

ಫಾಲ್ಗುಣ ಬಂದರೆ ಬೀದರ್ ಸಮೀಪದ ಹೊನ್ನಿಕೇರಿ ಕಾಡಿಗೆ ಮುತ್ತುಗದ ಹೂ ಹುಡುಕಿಕೊಂಡು ಹೋಗುತ್ತೇನೆ. ಜೊತೆಗೆ ನಾಯಿ ಮೋತಿ. ಈ ಸಲವೂ ನಾನು ಮೇಲೆ ನೋಡುತ್ತ ನಡೆದೆ, ಅದು ಕೆಂಪು ನೆಲ ಮೂಸುತ್ತ. ಒಂದು ಮರದ ಬುಡದಲ್ಲಿ ನಿಂತು ಬಾಲ ಆಡಿಸಿತು. ತಲೆಯೆತ್ತಿದರೆ ಬರಿ ಕೊಂಬೆಗಳ ತುಂಬ ಕೇಸರಿ ಹೂ. ಮಳೆಗಾಲದ ತಿರುಗಾಟದಲ್ಲೂ ಮೋತಿ ನಿಲ್ಲುತ್ತಿದ್ದದ್ದು ಇದೇ ಮರದಡಿ. ಆಗ ನಾನು ಇದನ್ನು ಗಮನಿಸಿರಲೇ ಇಲ್ಲ.

ಗಮನಿಸಬೇಕಿತ್ತು. ಔರಾದಿನ ನಮ್ಮ ಆಯಿ ಮುತ್ತುಗದ ಅಗಲ ಎಲೆಗಳಿಗೆ ಕಡ್ಡಿ ಚುಚ್ಚಿ ಪತ್ರಾವಳಿ ಮಾಡುತ್ತಿದ್ದಳು. ಹೂವು ಹೋಳಿಯ ಬಣ್ಣಕ್ಕೆ ನಾಲ್ಕು ದಿನ. ಎಲೆ ತಿಂಗಳುಗಟ್ಟಲೆ ಊಟಕ್ಕೆ. ಆದರೂ ಮರವನ್ನು ನಾವು ನೆನೆಯುವುದು ಹೂವಿನಿಂದಲೇ.

ಚೆಲುವನ್ನು ಮೆಚ್ಚುವುದು ತಪ್ಪಲ್ಲ. ಆದರೆ ಚೆಲುವಿದ್ದಾಗ ಮಾತ್ರ ಬರುವವನ ಮೆಚ್ಚುಗೆಯನ್ನು ಪ್ರೀತಿ ಎನ್ನಬಹುದೇ? ಭಾಲ್ಕಿಯಲ್ಲಿ ಓದುವಾಗ ನಾನು ಆಯಿಯನ್ನು ನೋಡಲು ಹೋಗುತ್ತಿದ್ದದ್ದು ಹಬ್ಬಕ್ಕಷ್ಟೇ. ಅವಳು ಹಾಸಿಗೆ ಹಿಡಿದ ವರ್ಷವೂ ದೀಪಾವಳಿ ಬರಲಿ ಎಂದುಕೊಂಡೆ. ದೀಪಾವಳಿ ಬಂತು, ಅವಳಿರಲಿಲ್ಲ.

ಮೋತಿಗೆ ಹೂವಿನ ಹಂಗಿಲ್ಲ. ಅದು ಮರವನ್ನೇ ಬಲ್ಲದು. ಆಷಾಢದಲ್ಲಿ ಎಲೆ ದಟ್ಟವಾದಾಗ, ನೋಡಲು ಏನೂ ಇಲ್ಲದಾಗ, ಇಲ್ಲಿಗೆ ಮತ್ತೆ ಬರಬೇಕು.