ಉಪಗೂಹನವೋ, ಮಾಯಾಚಾರವೋ?

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೂ ಒಂದು. ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ಇದನ್ನು ಅರಿಯದ ಜೈನ ಮನೆಯಿಲ್ಲ. ಅರಿತೂ ಕುಡಿಯುವವರು ಸಮಾಜದಲ್ಲಿ ಇಲ್ಲವೆನ್ನುವಂತಿಲ್ಲ. ಕುಡಿಯುವವನ ಪಾಪವನ್ನು ಕುರಿತು ಪ್ರವಚನಗಳಲ್ಲಿ ಬಹಳಷ್ಟು ಹೇಳಿಯಾಗಿದೆ. ಅವನೊಡನೆ ಬಾಳಬೇಕಾದ ಹೆಂಡತಿ, ತಾಯಿ, ಮಕ್ಕಳ ಧರ್ಮವೇನೆಂಬುದನ್ನು ಹೇಳಿದ್ದು ಕಡಿಮೆ.

ಒಂದು ಮನೆಯ ಸಂಗತಿ. ಗೃಹಿಣಿಯು ಭಾದ್ರಪದ ಶುಕ್ಲ ಪಂಚಮಿಯಿಂದ ಏಕಾಶನ ಹಿಡಿದು, ಅನಂತ ಚತುರ್ದಶಿಯಂದು ನಿರಾಹಾರ ಉಪವಾಸ ಮಾಡಿದಳು. ಪತಿಯ ಕುಡಿತ ಬಿಡಲಿ ಎಂಬುದೊಂದೇ ಅವಳ ಸಂಕಲ್ಪ. ಅಂದು ರಾತ್ರಿಯೇ ಅವನು ತೂರಾಡುತ್ತ ಬಂದ. "ಅತ್ತೆ, ನನ್ನ ವ್ರತದಲ್ಲಿ ಎಲ್ಲಿಯೋ ದೋಷವಾಗಿದೆ" ಎಂದು ಅವಳು ಅತ್ತಳು. "ಮುಂದಿನ ವರ್ಷ ಇನ್ನೂ ಕಠಿಣವಾಗಿ ಮಾಡಮ್ಮ" ಎಂದರು ಅತ್ತೆ.

ಅತ್ತೆಯ ಮಾತು ಪ್ರೀತಿಯದೇ, ಆದರೆ ಶಾಸ್ತ್ರಕ್ಕೆ ಸಮ್ಮತವಲ್ಲ. ಪರರ ಹಿತವನ್ನು ಬಯಸುವುದು ಭೋಗಾಕಾಂಕ್ಷೆಯಲ್ಲವಾದ್ದರಿಂದ ಅವಳ ಸಂಕಲ್ಪವನ್ನು ನಿದಾನಶಲ್ಯವೆಂದು ಕರೆಯುವುದು ಅವಸರವಾದೀತು. ಆದರೂ ವ್ರತದ ಸಾಫಲ್ಯವನ್ನು ಇನ್ನೊಬ್ಬನ ನಡತೆಗೆ ಕಟ್ಟಿದಾಗ ವ್ರತವು ಅವನ ಕೈವಶವಾಗುತ್ತದೆ. ಉಪವಾಸವು ತಪಸ್ಸು, ಅದರಿಂದ ನಿರ್ಜರೆಯಾಗುವುದು ಆಚರಿಸಿದವರ ಕರ್ಮವೇ ಹೊರತು ಪತಿಯದಲ್ಲ. ಅವನು ಕುಡಿದು ಬಂದುದರಿಂದ ಅವಳ ಉಪವಾಸ ಕೆಡಲಿಲ್ಲ. ಅವಳ ಉಪವಾಸದಲ್ಲಿ ಕೊರತೆಯಿದ್ದುದರಿಂದ ಅವನು ಕುಡಿದವನೂ ಅಲ್ಲ. ಏಕತ್ವ, ಅನ್ಯತ್ವ ಭಾವನೆಗಳನ್ನು ದಿನವೂ ಚಿಂತಿಸುವ ಮನೆಗಳಲ್ಲಿಯೇ ಈ ಸಾದಾ ಸಂಗತಿ ಮರೆತುಹೋಗುವುದು ಸೋಜಿಗ.

ಇನ್ನು ಮುಚ್ಚಿಡುವ ಪ್ರಶ್ನೆ. ಅವನು ಏಳಲಾರದ ದಿನಗಳಲ್ಲಿ "ಜ್ವರ ಬಂದಿದೆ" ಎಂದು ಅಂಗಡಿಗೆ ಚೀಟಿ ಬರೆದು ಕಳಿಸುತ್ತಿದ್ದವಳು ಅವಳೇ. ಸಾಲಗಾರರು ಬಾಗಿಲಿಗೆ ಬಂದಾಗ ಬಳೆ ಮಾರಿ ತೀರಿಸಿದವಳೂ ಅವಳೇ. ಹಿರಿಯರು ಇದನ್ನು ಉಪಗೂಹನವೆಂದು ಹೊಗಳಿದರು. ಮಗಳ ಮದುವೆಯ ಚಿಂತೆಯೂ ಅದರೊಳಗೆ ಸೇರಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಉಪಗೂಹನಾಂಗಕ್ಕೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹೆಸರಿಸುವುದು ಜಿನೇಂದ್ರಭಕ್ತ ಶ್ರೇಷ್ಠಿಯನ್ನು. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ತಾನೇ ತರಹೇಳಿದ್ದೆನೆಂದು ಶ್ರೇಷ್ಠಿಯು ಜನರೆದುರು ಹೇಳಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಹಲವರು. ಮುಂದೇನಾಯಿತು? ರತ್ನವು ಮರಳಿ ಶ್ರೇಷ್ಠಿಯ ಕೈಸೇರಿತು. ಕಳ್ಳನನ್ನು ಏಕಾಂತದಲ್ಲಿ ಗದರಿಸಿ ಹೊರಗೆ ಕಳಿಸಲಾಯಿತು. ಶ್ರೇಷ್ಠಿಯೂ ಸುಳ್ಳಾಡಿದನಲ್ಲವೇ ಎಂದು ಕೇಳುವವರಿದ್ದಾರೆ. ಅದು ಸಣ್ಣ ಪ್ರಶ್ನೆಯಲ್ಲ. ಅವನು ಕಾಪಾಡಿದ್ದು ಮೋಕ್ಷಮಾರ್ಗಕ್ಕೆ ಬರಲಿದ್ದ ನಿಂದೆಯನ್ನು ತಡೆದು ಆ ಮಾರ್ಗವನ್ನು, ಕಳ್ಳತನವನ್ನಲ್ಲ. ರತ್ನವನ್ನು ಕಳ್ಳನ ಜೋಳಿಗೆಯಲ್ಲೇ ಬಿಟ್ಟು ನಾಳೆಯೂ ಬಾ ಎಂದಿದ್ದರೆ ಅವನ ಹೆಸರು ಆ ಗ್ರಂಥದಲ್ಲಿ ಇರುತ್ತಿರಲಿಲ್ಲ. ನೆರೆಯವರೆದುರು ಗಂಡನ ದೋಷವನ್ನು ಆಡಿಕೊಳ್ಳದಿರುವುದು ಉಪಗೂಹನ. ಮರುದಿನದ ಕುಡಿತಕ್ಕೆ ಹಾದಿ ಸುಗಮ ಮಾಡುವ ಜ್ವರದ ಚೀಟಿಯು ಮಾಯಾಚಾರ; ವ್ರತಿಯಾದವನು ನಿಃಶಲ್ಯನಾಗಿರಬೇಕೆಂಬಲ್ಲಿ ಮಾಯೆಯೂ ಒಂದು ಶಲ್ಯ. ಕೇಳಿದಾಗಲೆಲ್ಲ ಕುಡಿತಕ್ಕೆ ಹಣ ಕೊಡುವುದು ಕಾರಿತ, ಅನುಮೋದನಗಳಿಂದ ಎಷ್ಟು ದೂರ ಎಂಬುದನ್ನೂ ಕೊಡುವವರು ಯೋಚಿಸಬೇಕು.

ಅಹಿಂಸೆಯ ಹೆಸರಿನಲ್ಲಿ ಹೊಡೆತ ತಿನ್ನಬೇಕೆಂದು ಯಾವ ಶ್ರಾವಕಾಚಾರವೂ ಹೇಳುವುದಿಲ್ಲ. ಗೃಹಸ್ಥನು ಬಿಡುವುದು ಸಂಕಲ್ಪಿ ಹಿಂಸೆಯನ್ನು. ಆತ್ಮರಕ್ಷಣೆಯ ವಿರೋಧಿ ಹಿಂಸೆಯನ್ನೇ ಅವನಿಗೆ ನಿಷೇಧಿಸಿಲ್ಲವೆಂದ ಮೇಲೆ, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದರಲ್ಲಿ ದೋಷವೆಲ್ಲಿ?

ವ್ರತಪ್ರಿಯರಾದ ಮನೆಗಳು ತಿಳಿಯಲೇಬೇಕಾದ ಇನ್ನೊಂದು ಅಂಶವಿದೆ. ಬಹುಕಾಲ ವಿಪರೀತ ಕುಡಿದವನನ್ನು ಮುನಿಗಳ ಮುಂದೆ ನಿಲ್ಲಿಸಿ ನಿಯಮ ಕೊಡಿಸಿ, ಅಂದೇ ಉಪವಾಸಕ್ಕೆ ಕೂರಿಸುವುದು ಅಪಾಯ. ಕುಡಿತ ಥಟ್ಟನೆ ನಿಂತ ಮೊದಲ ಒಂದೆರಡು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್ ಕಾಣಿಸಬಹುದು. 2ರಿಂದ 4 ದಿನಗಳೊಳಗೆ ಬುದ್ಧಿಭ್ರಮಣೆಯಾಗಿ ಪ್ರಾಣಕ್ಕೂ ಎರವಾಗಬಹುದು. ಅದು ಗ್ರಹಚಾರವಲ್ಲ, ನಿಯಮಭಂಗದ ಫಲವೂ ಅಲ್ಲ; ದೇಹದ ವ್ಯಾಧಿ. ಮೊದಲು ವೈದ್ಯರ ಬಳಿಗೆ ಹೋಗಬೇಕು, ನಿಯಮ ಆಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನಮುಕ್ತಿ ವಿಭಾಗವಿದೆ. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್-ಅನಾನ್ ಎಂಬ ಕೂಟವು ಭಾರತದಲ್ಲಿಯೂ ನಡೆಯುತ್ತಿದೆ; ಅಲ್ಲಿ ಹೆಸರನ್ನು ಬಯಲು ಮಾಡುವುದಿಲ್ಲ. ಕುಡಿತಕ್ಕೆ ಕಾರಣ ತಾವಲ್ಲ, ಅದನ್ನು ಹತೋಟಿಗೆ ತರುವುದೂ ತಮ್ಮಿಂದಾಗದು ಎಂದು ಅಲ್ಲಿಯವರು ಪರಸ್ಪರ ಹೇಳಿಕೊಳ್ಳುವ ಮಾತು, ಅನ್ಯತ್ವ ಭಾವನೆಯನ್ನು ಬಲ್ಲವರಿಗೆ ಪರಕೀಯವಾಗಿ ಕೇಳಿಸದು.

ಆ ಗೃಹಿಣಿಯು ಒಂದು ಸೋಮವಾರ ಚೀಟಿ ಬರೆಯಲಿಲ್ಲ. ಕರೆಯಲು ಬಂದ ಹುಡುಗನಿಗೆ, "ಅವರು ಒಳಗಿದ್ದಾರೆ, ಅವರನ್ನೇ ಕೇಳಪ್ಪ" ಎಂದಳು. ಪತಿ ಕೂಗಾಡಿದ, ಅತ್ತೆ ಹಲವು ದಿನ ಮಾತು ಬಿಟ್ಟರು. ಕೆಲಸ ಹೋಗುವ ಹಂತಕ್ಕೆ ಬಂದ ಮೇಲೆ ಅವನು ಆಸ್ಪತ್ರೆಗೆ ಒಪ್ಪಿದ. ಬಿಟ್ಟದ್ದು ನಿಜ, ಎರಡು ಸಲ ಮತ್ತೆ ಬಿದ್ದದ್ದೂ ನಿಜ. ವಾರಿಷೇಣ ಮುನಿಗಳು ಸ್ಥಿತಿಕರಣ ಮಾಡಿದ ಪುಷ್ಪದಾಲನ ಮನಸ್ಸು, ದೀಕ್ಷೆಯ ನಂತರವೂ ಹನ್ನೆರಡು ವರ್ಷ ಮನೆಯ ಕಡೆಗೇ ಎಳೆಯುತ್ತಿತ್ತಲ್ಲವೇ?

ಮರುವರ್ಷ ದಶಲಕ್ಷಣ ಬಂದಾಗ ಅವಳು ಏಕಾಶನ ಹಿಡಿದಳು. ಈ ಸಲ ಏನು ಸಂಕಲ್ಪವೆಂದು ಅತ್ತೆ ಕೇಳಿದರು. "ಏನೂ ಇಲ್ಲ ಅತ್ತೆ, ಇದು ನನ್ನ ವ್ರತ" ಎಂದು ಹೇಳಿ ಬಸದಿಗೆ ಹೊರಟಳು. ಅವನು ಅಂದು ಮನೆಯಲ್ಲಿಯೇ ಇದ್ದ. ಮಗಳಿಗೆ ಜಡೆ ಹಾಕಲು ಹೋಗಿ ಸಿಕ್ಕು ಮಾಡುತ್ತಿದ್ದ.